ನೋಡದೆ ಕೊಳ್ಳುವ ಬೇಸ್ ಗಿಟಾರ್

ಪ್ರಶ್ನೆ: ಮೂರು ವರ್ಷಗಳಿಂದ ಸ್ನೇಹಿತರ ಬೇಸ್ ಗಿಟಾರ್‌ಗಳನ್ನು ಎರವಲು ತಂದು ಅಭ್ಯಾಸ ಮಾಡುತ್ತಿದ್ದೇನೆ. ಈಗ ನನ್ನದೇ ಒಂದು ಬೇಕೆನಿಸಿದೆ. ಆನ್‌ಲೈನ್‌ನಲ್ಲಿ ನಾಲ್ಕು ತಂತಿಯ ಹಳೆಯ ಫೆಂಡರ್ ಜಾಝ್ ಬೇಸ್ ಒಂದು ಮಾರಾಟಕ್ಕಿದೆ. ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಐದು ತಂತಿಯದನ್ನು ನನ್ನ ಇಷ್ಟದಂತೆ ತಯಾರಿಸಿ ಕಳುಹಿಸುವುದಾಗಿ ಕುಶಲಕರ್ಮಿಯೊಬ್ಬರು ಹೇಳುತ್ತಾರೆ. ಎರಡನ್ನೂ ಕೈಯಲ್ಲಿ ಹಿಡಿದು ನೋಡುವ ಅವಕಾಶವಿಲ್ಲ. ಯಾವುದನ್ನು ಆರಿಸಲಿ?

ಉತ್ತರ: ಬಳಸಿದ ವಾದ್ಯವನ್ನೇ ಮೊದಲು ಕೊಳ್ಳಿ, ಆದರೆ ಅದರ ನೆಕ್ (ತಂತಿಗಳು ಹಾದುಹೋಗುವ ಉದ್ದನೆಯ ಕುತ್ತಿಗೆ) ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ. ಮಾರುವವರು ಬಣ್ಣ ಹೊಳೆಯುವ ಬಾಡಿಯ ಚಿತ್ರಗಳನ್ನೇ ಹೆಚ್ಚಾಗಿ ಹಾಕುತ್ತಾರೆ. ಬಾಡಿಯ ಮೇಲಿನ ಗೀರುಗಳಿಂದ ನುಡಿಸಾಣಿಕೆಗೆ ಯಾವ ತೊಂದರೆಯೂ ಇಲ್ಲ. ನಾಲ್ಕು ತಂತಿಗಳು ಸೇರಿ ನೆಕ್ ಅನ್ನು ಸುಮಾರು 70ರಿಂದ 80 ಕಿಲೋಗ್ರಾಂ ಭಾರದಷ್ಟು ಬಲದಿಂದ ಹಗಲೂ ರಾತ್ರಿ ಎಳೆಯುತ್ತಿರುತ್ತವೆ, ಆ ಎಳೆತಕ್ಕೆ ಎದುರಾಗಿ ನಿಲ್ಲುವುದು ಮರದೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಆದ್ದರಿಂದ ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಒಟ್ಟಿಗೆ ಒತ್ತಿ ಹಿಡಿದು, ಎಂಟನೆಯ ಫ್ರೆಟ್ಟಿನ ಬಳಿ ಉಳಿಯುವ ಸಂದಿಯ ಚಿತ್ರವನ್ನು ಪಕ್ಕದಿಂದ ತೆಗೆದು ಕಳುಹಿಸಲು ಕೇಳಿ. ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದಿ ಇದ್ದರೆ ಚಿಂತೆಯಿಲ್ಲ. ಸಂದಿ ಅದಕ್ಕಿಂತ ಬಹಳ ದೊಡ್ಡದಾಗಿದ್ದು, ಸರಳನ್ನು ಇನ್ನು ಬಿಗಿಯಲು ಸುತ್ತೇ ಉಳಿದಿಲ್ಲವೆಂದಾದರೆ, ಎಷ್ಟೇ ಅಗ್ಗವಾದರೂ ಆ ವಾದ್ಯ ಬೇಡ. ನೆಕ್ ತಿರುಚಿಕೊಂಡಿದ್ದರಂತೂ ಸರಳಿನಿಂದ ಅದನ್ನು ಸರಿಪಡಿಸಲಾಗದು.

ಧ್ವನಿಯ ವಿಡಿಯೊವನ್ನೂ ಕೇಳಿ ಪಡೆಯಿರಿ. ಹಿನ್ನೆಲೆ ಸಂಗೀತವಿಲ್ಲದೆ, ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ನಿಧಾನವಾಗಿ ನುಡಿಸಿರಬೇಕು. ಅತ್ಯಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅಷ್ಟು ತಗ್ಗಿನ ನಾದ ಫೋನಿನ ಸ್ಪೀಕರ್‌ಗೆ ನಿಲುಕುವುದಿಲ್ಲವಾದ್ದರಿಂದ ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ತೆಳುವಾದ ಜಿ ತಂತಿಯಲ್ಲಿ ಐದರಿಂದ ಏಳನೆಯ ಫ್ರೆಟ್ಟಿನ ಆಸುಪಾಸು ಸ್ವರ ಬೇಗ ಸತ್ತುಹೋಗುವುದುಂಟು. ಈ ಬಗೆಯ ನೆಕ್‌ಗಳಲ್ಲಿ ಅದು ಮಾಮೂಲಿ, ಮೋಸವಲ್ಲ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಪಿಕಪ್‌ಗಳಲ್ಲಿ ಒಂದರ ವಾಲ್ಯೂಮ್ ಮಾತ್ರ ಏರಿಸಿದಾಗ ಗುಂಯ್ ಎನ್ನುವುದೂ ಜಾಝ್ ಬೇಸ್‌ನ ಹುಟ್ಟುಗುಣ, ಎರಡನ್ನೂ ಪೂರ್ತಿ ಏರಿಸಿದರೆ ಅದು ಬಹುಪಾಲು ಅಡಗುತ್ತದೆ. ನಾಬ್ ತಿರುಗಿಸಿದಾಗ ಬರುವ ಕರಕರ ಸದ್ದು, ತುಕ್ಕು ಹಿಡಿದ ತಂತಿ ಇವೆಲ್ಲ ಚಿಲ್ಲರೆ ರಿಪೇರಿಗಳು.

ವಾದ್ಯದ ವಯಸ್ಸಿನ ಮೇಲೆ ಬೆಲೆ ಹೇಳುತ್ತಿದ್ದರೆ ಎಚ್ಚರ. ಜಾಝ್ ಬೇಸ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಆ ದಶಕದವುಗಳ ಸರಣಿ ಸಂಖ್ಯೆ ಇರುವುದು ನೆಕ್ ಅನ್ನು ಬಾಡಿಗೆ ಬಿಗಿಯುವ ಲೋಹದ ತಗಡಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಆ ತಗಡು ಬೇರೊಂದು ಗಿಟಾರನ್ನು ಸೇರಬಲ್ಲದು. ನೆಕ್ ಬಿಚ್ಚಿ, ಸಾಮಾನ್ಯವಾಗಿ ತಯಾರಿಕೆಯ ದಿನಾಂಕ ನಮೂದಾಗಿರುವ ಅದರ ಬುಡದ ಚಿತ್ರ ಕಳುಹಿಸಲು ಒಪ್ಪದವರಿಗೆ ಹಳೆಯದೆಂಬ ಕಾರಣಕ್ಕೆ ಹೆಚ್ಚು ಹಣ ಕೊಡಬೇಡಿ.

ಹೇಳಿ ಮಾಡಿಸುವ ವಾದ್ಯ ಈಗಲೇ ಬೇಡವೆನ್ನಲು ಕಾರಣವಿದೆ. ತಯಾರಕರು ನಿಮ್ಮನ್ನು ಅಳತೆಗಳನ್ನು ಕೇಳುತ್ತಾರೆ. ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಬಳಿ ನೆಕ್‌ನ ಅಗಲ ಎಷ್ಟಿರಬೇಕು, ಬ್ರಿಡ್ಜ್‌ನಲ್ಲಿ (ಬಾಡಿಯ ಮೇಲೆ ತಂತಿಗಳು ಕೂರುವ ಕಡೆ) ತಂತಿಗಳ ನಡುವೆ 19 ಮಿಲಿಮೀಟರ್ ಅಂತರವಿರಬೇಕೇ ಅಥವಾ 17 ಸಾಕೇ, ಐದನೆಯ ಬಿ ತಂತಿ ಸಡಿಲವಾಗಿ ತೂಗದಂತೆ ಸ್ಕೇಲ್ ಅನ್ನು (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದವನ್ನು) 34 ಇಂಚಿನಿಂದ 35ಕ್ಕೆ ಏರಿಸಬೇಕೇ? ಎರವಲು ವಾದ್ಯಗಳಲ್ಲಿ ಬೆಳೆದ ಕೈಗೆ ಇವುಗಳ ಉತ್ತರ ಗೊತ್ತಿರುವುದಿಲ್ಲ, ಊಹಿಸಿ ಹೇಳಿದ ಅಳತೆಯ ಗಿಟಾರನ್ನು ಮರಳಿ ತೆಗೆದುಕೊಳ್ಳುವ ತಯಾರಕರು ಅಪರೂಪ, ಮರುಮಾರಾಟದಲ್ಲಿಯೂ ಅದಕ್ಕೆ ಹಾಕಿದ ಹಣ ಹುಟ್ಟುವುದು ಕಷ್ಟ. ಒಂದು ವರ್ಷ ಜಾಝ್ ಬೇಸನ್ನು ನುಡಿಸಿ, ಯಾವ ಅಳತೆ ಕೈಗೆ ಒಗ್ಗಿತು, ಎಲ್ಲಿ ಬೆರಳು ದಣಿಯಿತು ಎಂದು ಬರೆದಿಟ್ಟುಕೊಳ್ಳಿ. ಆಮೇಲೂ ಐದನೆಯ ತಂತಿ ಬೇಕೆನಿಸಿದರೆ ಆ ಕುಶಲಕರ್ಮಿಗೆ ಆ ಅಂಕಿಗಳನ್ನೇ ಕೊಡಿ. ತೂಕದ ಮಿತಿಯನ್ನೂ ಲಿಖಿತವಾಗಿ ಒಪ್ಪಿಸಿಕೊಳ್ಳಿ, ಏಕೆಂದರೆ ನಾಲ್ಕೂವರೆ ಕಿಲೋ ದಾಟಿದ ವಾದ್ಯವನ್ನು ಎರಡು ಗಂಟೆ ಹೆಗಲಿಗೆ ಹಾಕಿಕೊಂಡು ನಿಲ್ಲುವುದು ಸುಲಭವಲ್ಲ.