ಬುಡಾಪೆಸ್ಟಿಗೆ ಬರುತ್ತಿರುವ ತಂಗಿಗೆ: ಆ ಅರಮನೆಯಲ್ಲಿ ನಿನಗೂ ಕುರ್ಚಿ ಇದೆ

ಸೆಪ್ಟೆಂಬರಿನಲ್ಲಿ ಎಂಎಸ್ಸಿ ಓದಲು ಬುಡಾಪೆಸ್ಟಿಗೆ ಬರುತ್ತಿದ್ದೇನೆ, ಹಾಸ್ಟೆಲಿನಲ್ಲಿ ಕೋಣೆಗೆ ಮೂವರು, ನೆಮ್ಮದಿಯಾಗಿ ಓದಿಕೊಳ್ಳಲು ಎಲ್ಲಿ ಹೋಗಲಿ, ಚಳಿಗಾಲ ತಡೆಯೋಕೆ ಆಗುತ್ತಾ, ಫೋಟೋಗಳಲ್ಲಿ ಕಾಣುವ ಆ ಅರಮನೆ ಲೈಬ್ರರಿ ಬರೀ ಟೂರಿಸ್ಟುಗಳಿಗಾ ಎಂದು ಕೇಳಿದ್ದೀಯ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದೆರಡಕ್ಕೂ ನನ್ನ ಮಟ್ಟಿಗೆ ಉತ್ತರ ಅಲ್ಲೇ ಇದೆ.

ಅದು ವೆಂಕ್‌ಹೈಮ್ ಅರಮನೆ. ಮೆಟ್ರೊದಲ್ಲಿ ಕಾಲ್ವಿನ್ ತೇರ್ ಎಂಬ ಚೌಕದಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ನೋಡಿದವರು ಬರೋಕ್ (ಯುರೋಪಿನ ಹಳೆಯ, ಅಲಂಕಾರ ತುಂಬಿದ ಕಟ್ಟಡ ಶೈಲಿ) ಅರಮನೆ ಎನ್ನುತ್ತಾರೆ. ಸರಿಯಾಗಿ ಹೇಳಬೇಕೆಂದರೆ ಅದು ಬರೋಕ್ ಕಾಲದ್ದಲ್ಲ, ಆ ಹಳೆಯ ಶೈಲಿಯನ್ನು ಮತ್ತೆ ಎತ್ತಿಕೊಂಡು 1886ರಿಂದ 1889ರವರೆಗೆ ಕಟ್ಟಿದ್ದು. ಕಟ್ಟಿಸಿದವನು ಕೌಂಟ್ (ಶ್ರೀಮಂತ ಮನೆತನದ ಬಿರುದು) ವೆಂಕ್‌ಹೈಮ್ ಫ್ರಿಜೆಶ್, ವಾಸ್ತುಶಿಲ್ಪಿ ಮೈನಿಗ್ ಆರ್ತೂರ್. ಆ ಬೀದಿಗಳಲ್ಲೇ ಯಾಕೆ ಅಷ್ಟೊಂದು ಅರಮನೆಗಳು ಎಂದು ನನಗೂ ಮೊದಲು ಕುತೂಹಲವಿತ್ತು. ಕಾರಣ ಪಕ್ಕದ ರಾಷ್ಟ್ರೀಯ ಮ್ಯೂಸಿಯಂ. ಈಗಿನ ಸಂಸತ್ ಭವನ ಏಳುವ ಮುಂಚೆ ಮೇಲ್ಮನೆಯ ಸಭೆ ಮ್ಯೂಸಿಯಮ್ಮಿನ ದೊಡ್ಡ ಹಾಲಿನಲ್ಲಿ, ಕೆಳಮನೆ ಅದರ ಪಕ್ಕದ ಬೀದಿಯಲ್ಲಿ ಸೇರುತ್ತಿದ್ದವು. ಸಭೆಗೆ ಬರುವ ಶ್ರೀಮಂತರು ಹತ್ತಿರದಲ್ಲೇ ಮನೆ ಮಾಡಿಕೊಂಡರು. ಇವತ್ತಿಗೂ ಆ ಭಾಗಕ್ಕೆ ಅರಮನೆಗಳ ಕೇರಿ ಎಂದೇ ಹೆಸರು.

ನನಗೆ ಮುಖ್ಯ ಅನ್ನಿಸುವುದು ಇದರ ನಂತರದ ಕಥೆ. 1927ರಲ್ಲಿ ನಗರಸಭೆ ಈ ಮನೆಯನ್ನು ಕೊಂಡುಕೊಂಡಿತು. ಹೋಟೆಲ್ಲಿಗೋ ಕಚೇರಿಗೋ ಅಲ್ಲ, ಊರಿನ ಲೈಬ್ರರಿಗೆ. 1931ರಲ್ಲಿ ಓದುಗರಿಗೆ ಬಾಗಿಲು ತೆರೆಯಿತು. ಲೈಬ್ರರಿಗೆ ಈಗಿರುವುದು ಸಬೋ ಎರ್ವಿನ್ ಹೆಸರು. ಆತ ಸಮಾಜಶಾಸ್ತ್ರಜ್ಞ, 1911ರಿಂದ ಊರಿನ ಲೈಬ್ರರಿಯ ನಿರ್ದೇಶಕ, ಮಾರ್ಕ್ಸ್ ಬರಹಗಳನ್ನು ಹಂಗೇರಿಯನ್ನಿಗೆ ತಂದವನು. ವಿದ್ವಾಂಸರಿಗಷ್ಟೇ ಅಲ್ಲ, ಕೂಲಿಕಾರರಿಗೂ ಅವರವರ ಬಡಾವಣೆಯಲ್ಲೇ ಪುಸ್ತಕ ಸಿಗಬೇಕು, ಊರ ತುಂಬಾ ಶಾಖೆಗಳಿರಬೇಕು ಎಂದು ಯೋಜನೆ ಹಾಕಿದ. 1918ರಲ್ಲೇ ತೀರಿಕೊಂಡ, ಈ ಅರಮನೆಯಲ್ಲಿ ಲೈಬ್ರರಿ ಆದದ್ದನ್ನು ನೋಡಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಒಳಗೆ ಹೋದ ಕೂಡಲೇ ಅರಮನೆ ಕಾಣುವುದಿಲ್ಲ, ಗಾಬರಿಯಾಗಬೇಡ. ದುರಸ್ತಿ, ವಿಸ್ತರಣೆ ಎಲ್ಲ ಮುಗಿದು 2001ರಲ್ಲಿ ಮತ್ತೆ ತೆರೆದಾಗಿನಿಂದ ನಾವು ಹೊಕ್ಕುವುದು ಹೊಸ ಭಾಗದಿಂದ: ಕೌಂಟರು, ಕಂಪ್ಯೂಟರು, ಉಕ್ಕಿನ ಕಪಾಟುಗಳು, ಯಾವ ಊರಿನ ಲೈಬ್ರರಿಯಲ್ಲಾದರೂ ಇರುವಂಥವು. ನಾಲ್ಕನೇ ಮಹಡಿಗೆ ಹೋಗಿ ಬಾಗಿಲು ದಾಟಿದರೆ ಕೌಂಟನ ಕೋಣೆಗಳು. ಬಿಳಿ ಗೋಡೆಯ ಮೇಲೆ ಚಿನ್ನದ ಬಣ್ಣದ ಗಾರೆ ಕೆಲಸ, ಆಳೆತ್ತರದ ಕನ್ನಡಿಗಳು, ಮೇಲೆ ತೂಗುದೀಪ, ಕೆಳಗೆ ಸಾಲಾಗಿ ಓದುವ ಮೇಜುಗಳು. ಒಂದು ಕಾಲಕ್ಕೆ ಕುಣಿತ ನಡೆದ ಹಾಲಿನಲ್ಲಿ ಈಗ ಲ್ಯಾಪ್‌ಟಾಪಿನ ಕೀ ಒತ್ತುವ ಸದ್ದು, ಯಾರಾದರೂ ಎದ್ದು ನಡೆದರೆ ಮರದ ನೆಲ ಕಿರುಗುಟ್ಟುವ ಸದ್ದು. ನನಗೆ ಇಷ್ಟ ಗಂಡಸರು ಕೂತು ಹೊಗೆ ಸೇದುತ್ತಿದ್ದ ಕೋಣೆ. ಗೋಡೆಗೆಲ್ಲ ಕಪ್ಪು ಮರದ ಹಲಗೆ, ಮೂಲೆಯಲ್ಲಿ ಕೆತ್ತನೆಯ ಸುರುಳಿ ಮೆಟ್ಟಿಲು. ಫೋಟೋ ತೆಗೆಯುವವರೆಲ್ಲ ಆ ಮೆಟ್ಟಿಲಿನ ಬುಡದಲ್ಲೇ ನಿಲ್ಲುತ್ತಾರೆ. ಪಕ್ಕದ ತೊಗಲಿನ ಕುರ್ಚಿಯಲ್ಲಿ ಕೂತವರು ತಲೆ ಎತ್ತದೆ ಓದುತ್ತಲೇ ಇರುತ್ತಾರೆ. ಹೊರಬಂದಾಗ ಕಬ್ಬಿಣದ ಗೇಟುಗಳನ್ನು ನಿಂತು ನೋಡು. ಯುಂಗ್‌ಫರ್ ಡ್ಯುಲಾ ಎಂಬ ಕಮ್ಮಾರನ ಕೆಲಸ, ಕಬ್ಬಿಣದಲ್ಲಿ ಎಲೆ ಬಳ್ಳಿ ಅರಳಿಸಿದ್ದಾನೆ.

ನೋಡಿಕೊಂಡು ಹೋಗುವವರಿಗೂ ಟಿಕೆಟ್ ಕೊಡುತ್ತಾರೆ. ಆದರೆ ನೀನು ಟಿಕೆಟ್ ತೆಗೆದುಕೊಂಡು ಹೋಗಬೇಡ. ಕಾರ್ಡ್ ಮಾಡಿಸು. ವಾಸದ ಪರವಾನಗಿ ಕೈಗೆ ಬಂದ ತಕ್ಷಣ ಅದನ್ನೂ ಪಾಸ್‌ಪೋರ್ಟನ್ನೂ ವಿಳಾಸದ ದಾಖಲೆಯನ್ನೂ ಹಿಡಿದು ಕೌಂಟರಿಗೆ ಹೋಗು. ವಿದ್ಯಾರ್ಥಿ ಎಂದು ಹೇಳುವುದನ್ನು ಮರೆಯಬೇಡ, ಶುಲ್ಕದಲ್ಲಿ ರಿಯಾಯಿತಿ ಇದೆಯೇ ಕೇಳು. ಬಂದ ಹೊಸತರಲ್ಲಿ ಇಲ್ಲಿ ಪ್ರತಿ ಕಚೇರಿಯಲ್ಲೂ ನಾವು ಯಾಕೆ ಬಂದೆವು, ಎಷ್ಟು ದಿನ ಇರುತ್ತೇವೆ ಎಂದು ಹೇಳಿ ಹೇಳಿ ಸಾಕಾಗಿರುತ್ತದೆ. ಓದುಗರ ಕಾರ್ಡ್ ಇದ್ದರೆ ಆ ಕೋಣೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ಕೌಂಟನ ಕುರ್ಚಿಯಲ್ಲಿ ಕೂರಲು ಹಂಗೇರಿಯವರಿಗೆ ಎಷ್ಟು ಹಕ್ಕೋ ನಿನಗೂ ಅಷ್ಟೇ. ನನಗೆ ಈ ಊರು ನನ್ನದೂ ಹೌದು ಅನ್ನಿಸಿದ್ದು ಅಲ್ಲೇ. ಭಾಷಾ ತರಗತಿಯ ಮನೆಪಾಠ ಬರೆಯುತ್ತಾ ಕೂತಿದ್ದಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಪುಸ್ತಕ ತಮ್ಮ ಕಡೆ ಎಳೆದುಕೊಂಡು, ಕ್ರಿಯಾಪದಗಳ ಕೊನೆಯನ್ನೆಲ್ಲ ಪೆನ್ಸಿಲಿನಲ್ಲಿ ತಿದ್ದಿ, ಒಂದು ಮಾತೂ ಆಡದೆ ವಾಪಸ್ ಇಟ್ಟರು.

ಚಳಿಯ ವಿಷಯಕ್ಕೆ ಬಂದರೆ, ಚಳಿಗಿಂತ ಕತ್ತಲು ಕಷ್ಟ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಹೊತ್ತು ಮುಳುಗುತ್ತದೆ, ಮೂರು ಮಂಚದ ಕೋಣೆಯಲ್ಲಿ ಮನಸ್ಸು ಮುದುಡುತ್ತದೆ. ತರಗತಿ ಮುಗಿದ ಮೇಲೆ ನೇರ ಹಾಸ್ಟೆಲಿಗೆ ಹೋಗದೆ ಲೈಬ್ರರಿ ಕಡೆ ತಿರುಗು. ಡಿಸೆಂಬರ್-ಜನವರಿ, ಮೇ-ಜೂನ್ ಪರೀಕ್ಷೆಯ ಕಾಲ. ಆಗ ಮಧ್ಯಾಹ್ನ ಹೋದರೆ ಅರಮನೆ ಕೋಣೆಗಳಲ್ಲಿ ಜಾಗ ಸಿಗುವುದು ಕಷ್ಟ, ಬಾಗಿಲು ತೆಗೆಯುವ ಹೊತ್ತಿಗೇ ಇರು. ಅಲ್ಲಿ ಸಿಗದಿದ್ದರೆ ಹೊಸ ಭಾಗದಲ್ಲಿ ಕೂತುಕೋ, ಓದು ಅಲ್ಲೂ ಚೆನ್ನಾಗಿಯೇ ಆಗುತ್ತದೆ. ವಾಪಸ್ ಹೋಗುವಾಗ ಕಾಲ್ವಿನ್ ತೇರ್‌ನಿಂದ ಟ್ರಾಮಿನಲ್ಲಿ ಒಂದೇ ಸ್ಟಾಪ್ ಮುಂದೆ ದೊಡ್ಡ ಮಾರುಕಟ್ಟೆ, ತರಕಾರಿ ಅಲ್ಲೇ ತೆಗೆದುಕೋ. ಭಾನುವಾರ ಹೋಗುವುದಾದರೆ ತೆರೆದಿದೆಯೇ ಎಂದು ಮೊದಲೇ ನೋಡಿಕೋ.

ಕಾರ್ಡ್ ಮಾಡಿಸುವ ದಿನ ಭಾಷೆ ತೊಡಕಾದೀತು ಅನ್ನಿಸಿದರೆ ತಿಳಿಸು. ಶನಿವಾರವಾದರೆ ನಾನೇ ಜೊತೆಗೆ ಬರುತ್ತೇನೆ.