ಹುಬ್ಬಳ್ಳಿ ಸುತ್ತಮುತ್ತ ವಾಹನಗಳ ಕಾಟವಿಲ್ಲದ ಮಣ್ಣುಹಾದಿಗಳಲ್ಲಿ ತಿರುಗಾಡಲು ಗ್ರ್ಯಾವೆಲ್ ಬೈಕ್ ಕೊಳ್ಳಲೇ, ಎಂಟಿಬಿ ಕೊಳ್ಳಲೇ?

ವಿದ್ಯಾನಗರದಲ್ಲಿ ಮನೆ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ರಸ್ತೆಯ ಅಂಚಿನಲ್ಲಿ ಲಾರಿ, ಆಟೋಗಳ ನಡುವೆ ಸೈಕಲ್ ತುಳಿದು ಬಂದ ಬೇಸರ, ಮೊಬೈಲಿನ ನಕ್ಷೆಯಲ್ಲಿ ಬ್ಯಾಹಟ್ಟಿ, ಹೆಬಸೂರಿನ ಕಡೆಗೆ ಗೆರೆ ಎಳೆದಂತೆ ಕಾಣುವ ಹೊಲದ ಹಾದಿಗಳು, ಜುಲೈಯೊಳಗೆ ಹೊಸ ಸೈಕಲ್ ತಂದು ಅವುಗಳ ಮೇಲೆ ಹೊರಡಬೇಕೆಂಬ ಆಸೆ: ನೀವು ಬರೆದ ಒಂದೊಂದು ವಿವರವೂ ಕೆಲವು ವರ್ಷಗಳ ಹಿಂದೆ ನನ್ನದೇ ಆಗಿತ್ತು. ಎಂಟಿಬಿ, ಅಂದರೆ ಅಗಲ ಟೈರಿನ ಮೌಂಟನ್ ಬೈಕ್, ಬಿಟ್ಟು ನಾನು ಗ್ರ್ಯಾವೆಲ್ ಬೈಕನ್ನೇ ಕೊಂಡೆ; ಮಣ್ಣುಹಾದಿಗೂ ಆಗುವಂತೆ ತುಸು ಅಗಲ ಟೈರು ಹಾಕಿದ ರಸ್ತೆ ಸೈಕಲ್ಲಿನಂಥದ್ದು ಅದು. ಅದನ್ನು ಆರಿಸಲು ಕಳೆದ ಸಮಯದಲ್ಲಿ ಒಂದು ಪಾಲನ್ನಾದರೂ ನಮ್ಮ ಸೀಮೆಯ ಮಣ್ಣನ್ನು ತಿಳಿದುಕೊಳ್ಳಲು ಕೊಟ್ಟಿದ್ದರೆ, ಆ ವರ್ಷದ ಚಳಿಗಾಲ ನನ್ನ ಕೈತಪ್ಪುತ್ತಿರಲಿಲ್ಲ.

ಚಿತ್ತಿ ಮಳೆ ಹಿಂದೆ ಸರಿಯುತ್ತಿದ್ದ ಅಕ್ಟೋಬರ್ ತಿಂಗಳು ಅದು. ಮಳೆ ನಿಂತು ಒಳ್ಳೆಯ ಬಿಸಿಲು ಬಿದ್ದಿತ್ತು, ರೈತರು ಹಿಂಗಾರಿ ಕಡಲೆ, ಜೋಳದ ಬಿತ್ತನೆಗೆ ಹದ ಕಾಯುತ್ತಿದ್ದರು. ಬ್ಯಾಹಟ್ಟಿ ದಾಟಿ ಹೊಲದ ಹಾದಿಗೆ ಇಳಿದಾಗ ಮೊದಲ ಭಾಗದಲ್ಲಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಹಾಸಿತ್ತು, ಸೈಕಲ್ ಸರಾಗವಾಗಿ ಓಡಿತು, ಎರಡೂ ಬದಿಯ ಜಾಲಿ ಗಿಡಗಳ ನಡುವೆ ಒಂದು ಮೋಟಾರ್ ಬೈಕ್ ಕೂಡ ಎದುರಾಗಲಿಲ್ಲ. ಒಂದು ಸಣ್ಣ ಹಳ್ಳಕ್ಕೆ ಪೈಪು ಹಾಕಿದ ಜಾಗದಲ್ಲಿ ಗರಸು ಮುಗಿದು, ಮುಂದೆ ಬರೀ ಎರೆ ಮಣ್ಣಿನ, ಅಂದರೆ ಕಪ್ಪು ಜೇಡಿಮಣ್ಣಿನ, ಚಕ್ಕಡಿ ಹಾದಿ ಆರಂಭವಾಯಿತು. ನಾನು ನಿಂತು ನೋಡಿದೆ. ಮೇಲ್ಪದರ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು, ಕೂದಲೆಳೆಯಷ್ಟು ಬಿರುಕೂ ಬಿಟ್ಟಿತ್ತು, ಬೂಟಿನಿಂದ ತುಳಿದಾಗ ಗಟ್ಟಿಯಾಗಿಯೇ ಅನಿಸಿತು. ಒಣಗಿದೆ ಎಂದು ತೀರ್ಮಾನಿಸಿ ಮುಂದೆ ಹೋದೆ.

ಈ ತೀರ್ಮಾನ ಎಲ್ಲಿ ತಪ್ಪಿತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಕ್ಷೆಯೂ ಅಂಗಡಿಯವರೂ ಇದನ್ನು ಹೇಳುವುದಿಲ್ಲ. ಎರೆ ಮಣ್ಣಿನ ಜೇಡಿಕಣಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಕುಡಿದ ನೀರನ್ನು ಆ ಮಣ್ಣು ಬೇಗ ಬಿಟ್ಟುಕೊಡುವುದಿಲ್ಲ. ನಮ್ಮ ಪೂರ್ವದ ಹೊಲಗಳಲ್ಲಿ ಮಳೆ ಹೋದ ಮೇಲೂ ಕಡಲೆ, ಬಿಳಿಜೋಳ ಬರೀ ಹಸಿಯ ಮೇಲೆ ಬೆಳೆದು ಕೈಗೆ ಬರುವುದು ಈ ಗುಣದಿಂದಲೇ. ಬಿಸಿಲು ಒಣಗಿಸುವುದು ಮೇಲಿನ ಪದರವನ್ನು ಮಾತ್ರ. ನಡೆಯುವವನ ಅಗಲವಾದ ಹೆಜ್ಜೆಯನ್ನು ಆ ಪದರ ತಡೆದುಕೊಳ್ಳುತ್ತದೆ, ಇಡೀ ಭಾರವನ್ನು ಅಂಗೈಗಿಂತ ಚಿಕ್ಕ ಜಾಗಕ್ಕೆ ಇಳಿಸುವ ಸೈಕಲ್ಲಿನ ಟೈರು ಅದನ್ನು ಸೀಳಿಕೊಂಡು ಒಳಗಿನ ಹಸಿ ಮಣ್ಣನ್ನು ಎತ್ತಿಕೊಳ್ಳುತ್ತದೆ. ಒಮ್ಮೆ ಟೈರಿಗೆ ಹಸಿ ಎರೆ ಹತ್ತಿತೆಂದರೆ ಅದಕ್ಕೆ ಮತ್ತೆ ಎರೆಯೇ ಅಂಟುತ್ತದೆ, ಹಾದಿಯ ಹುಲ್ಲಿನ ಎಳೆಗಳು ಸೇರಿ ಗಟ್ಟಿಯಾಗುತ್ತದೆ, ಚಕ್ರ ಒಂದೊಂದು ಸುತ್ತು ತಿರುಗಿದಂತೆ ದಪ್ಪವಾಗುತ್ತ ಹೋಗಿ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳಗೂ ಹಿಂದಿನ ಚೌಕಟ್ಟಿನ ಸಂದಿಯಲ್ಲೂ ತುಂಬಿಕೊಳ್ಳುತ್ತದೆ.

ಮೊದಲ ತಪ್ಪು ಅಷ್ಟೇ ಆಗಿದ್ದರೆ ಇಳಿದು ಹಿಂದಿರುಗಬಹುದಿತ್ತು. ಚಕ್ರ ಬಿಗಿಯಾದಾಗ ನಾನು ಪೆಡಲನ್ನು ಇನ್ನೂ ಜೋರಾಗಿ ತುಳಿದೆ, ನಷ್ಟಕ್ಕೆ ಕಾರಣವಾದದ್ದು ಅದು. ಮಣ್ಣಿನ ಹೆಂಟೆಯೊಂದು ಚೈನಿನ ಜೊತೆ, ಗೇರು ಬದಲಿಸುವ ಹಿಂದಿನ ಡಿರೇಲರಿನ ಪುಟ್ಟ ಗಾಲಿಗಳಿಗೆ ನುಗ್ಗಿತು, ಚೈನು ಮುಂದಕ್ಕೆ ಸರಿಯದೆ ಡಿರೇಲರನ್ನೇ ಹಿಂದಕ್ಕೆ ಎಳೆಯಿತು, ಅದು ಸ್ಪೋಕುಗಳೊಳಗೆ ಸಿಕ್ಕಿಕೊಂಡಿತು, ಅದನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಸಣ್ಣ ಲೋಹದ ತುಂಡು ಮುರಿಯಿತು. ಚೌಕಟ್ಟು ಉಳಿಯಲಿ ಎಂಬ ಉದ್ದೇಶದಿಂದಲೇ ಆ ತುಂಡನ್ನು ಮೆತ್ತಗೆ ಮಾಡಿರುತ್ತಾರೆ, ಅದು ತನ್ನ ಕೆಲಸ ಮಾಡಿತು.

ಪಕ್ಕದ ಹೊಲದ ಬದುವಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎದ್ದು ಬಂದರು. ಏನೂ ಕೇಳದೆ ಕುಡುಗೋಲಿನ ಬೆನ್ನಿನಿಂದ ಫೋರ್ಕಿನ ಕೆಳಗಿನ ಮಣ್ಣನ್ನು ಕೆರೆದು ತೆಗೆಯಲಾರಂಭಿಸಿದರು. ಕಿತ್ತು ಬಂದ ಹೆಂಟೆಯಲ್ಲಿ ಟೈರಿನ ಹಲ್ಲುಗಳ ಅಚ್ಚು ಸ್ಪಷ್ಟವಾಗಿ ಮೂಡಿತ್ತು. "ಇನ್ನ ಎಳೀಬ್ಯಾಡ್ರಿ ಸರ, ಹೊತಕೊಂಡ ಹೋಗ್ರಿ. ಹಸಿ ಎರ್‍ಯಾಗ ನಾವು ಎತ್ತ ಸುದ್ದಾ ಇಳಸೂದಿಲ್ಲ" ಎಂದರು. ಗರಸು ಹಾಸಿದ ಹಾದಿಯ ತನಕ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆ. ಆ ಮಾದರಿಯ ಹ್ಯಾಂಗರ್ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಮೊದಲು ಬೇರೆ ಮಾದರಿಯದು ಬಂತು, ಸರಿಯಾದದ್ದು ಕೈಸೇರುವಷ್ಟರಲ್ಲಿ ಕಡಲೆ ಕಿತ್ತು ಕಣಕ್ಕೆ ಹಾಕಿದ್ದರು.

ಎಂಟಿಬಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಗಲ ಟೈರು ಇನ್ನೂ ಹೆಚ್ಚು ಮಣ್ಣನ್ನು ಎತ್ತುತ್ತದೆ, ಡಿರೇಲರ್ ಅದಕ್ಕೂ ಇರುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾದ, ಇಂದು ಅನ್‌ಬೌಂಡ್ ಗ್ರ್ಯಾವೆಲ್ ಎಂದು ಹೆಸರಾದ ಸ್ಪರ್ಧೆಯ ಮುಖ್ಯ ಓಟ 200 ಮೈಲು, ಅಂದರೆ ಸುಮಾರು 320 ಕಿಲೋಮೀಟರ್. 2023ರಲ್ಲಿ ಅಲ್ಲಿ ಮಳೆಗೆ ನೆನೆದ ಜಿಗುಟು ಮಣ್ಣಿನ ಒಂದು ತುಂಡು ಹಾದಿಯಲ್ಲಿ ಜಗತ್ತಿನ ಅತ್ಯುತ್ತಮ ಸವಾರರೂ ಸೈಕಲ್ ಹೊತ್ತು ನಡೆಯಬೇಕಾಯಿತು, ಅನೇಕರ ಡಿರೇಲರುಗಳು ಮುರಿದು ಅವರ ಓಟ ಅಲ್ಲಿಗೇ ಮುಗಿಯಿತು. ಅಲ್ಲಿನ ಅನುಭವಿಗಳು ಬಣ್ಣ ಕಲಕುವ ಚಪ್ಪಟೆ ಕಟ್ಟಿಗೆಯನ್ನು ಮಣ್ಣು ಕೆರೆಯಲೆಂದೇ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಅಂಥ ಮಣ್ಣನ್ನು ಗೆಲ್ಲುವ ಸೈಕಲ್ ಅವರಲ್ಲೂ ಇರಲಿಲ್ಲ, ನಮ್ಮ ಅಂಗಡಿಗಳಲ್ಲೂ ಇಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಏರಿಳಿತದ ಹಳ್ಳಿಗಾಡು ಬೇಕೆಂದು ಬರೆದು, ಜುಲೈ ತಿಂಗಳಿಗೆ ಪೂರ್ವದ ಸಪಾಟು ಎರೆ ಬಯಲನ್ನು ಆರಿಸಿದ್ದೀರಿ. ದಿಕ್ಕು ಬದಲಿಸಿ. ಧಾರವಾಡ ನಮಗಿಂತ ಎತ್ತರದಲ್ಲಿದೆ, ಮಲೆನಾಡಿನ ಸೆರಗು ಶುರುವಾಗುವುದು ಅಲ್ಲಿಂದ. ಕೆಲಗೇರಿ ಕೆರೆಯ ಆಚೆ ಮನಸೂರು, ಮಂಡಿಹಾಳ, ಮುಗದದ ಸುತ್ತ ನೆಲ ಏರುತ್ತ ಇಳಿಯುತ್ತ ಸಾಗುತ್ತದೆ, ಮಣ್ಣು ಕೆಂಪಾಗುತ್ತದೆ, ಗರಸು ಬೆರೆತ ಮಸಾರಿ ಹಾದಿಗಳಲ್ಲಿ ಮಳೆನೀರು ಬೇಗ ಬಸಿದು ಹೋಗುತ್ತದೆ. ಹತ್ತಿ, ಕಡಲೆಯ ಹೊಲಗಳನ್ನು ಬಿಟ್ಟು ಹೊರಟವರಿಗೆ ಅಲ್ಲಿ ಕೂರಿಗೆಯಿಂದ ಬಿತ್ತಿದ ಭತ್ತ ಕಾಣಸಿಗುತ್ತದೆ. ಭತ್ತದ ಸಂಶೋಧನಾ ಕೇಂದ್ರ ಮುಗದದಲ್ಲಿರುವುದು ಸುಮ್ಮನೆ ಅಲ್ಲ. ಮುಂದೆ ಕಂಬಾರಗಣವಿಯ ಕಡೆಗೆ ಮರಗಳು ದಟ್ಟವಾಗುತ್ತವೆ. ಅರಣ್ಯ ಇಲಾಖೆಯ ಫಲಕ ಕಂಡಲ್ಲಿ ತಿರುಗಿ ಬನ್ನಿ, ಅಳ್ನಾವರ, ಕಲಘಟಗಿ ಕಡೆಯ ಕಾಡಂಚಿಗೆ ಆಗಾಗ ಆನೆಗಳು ಬರುತ್ತವೆ.

ವಿದ್ಯಾನಗರದಿಂದ ಅಲ್ಲಿಯವರೆಗೆ ತುಳಿದುಕೊಂಡೇ ಹೋಗಬೇಕೆಂಬ ಹಟವನ್ನು ದಯವಿಟ್ಟು ಬಿಡಿ. ಅವಳಿ ನಗರಗಳ ನಡುವಿನ ಸುಮಾರು 20 ಕಿಲೋಮೀಟರ್ ರಸ್ತೆಯೇ ನಿಮ್ಮ ಬೇಸರದ ಮೂಲ. ಬೈಪಾಸಿನ ಕಡೆಗಂತೂ ಸೈಕಲ್ ತಿರುಗಿಸಲೇಬೇಡಿ. ಕಾರಿನ ಹಿಂದೆ ಕಟ್ಟಿಕೊಂಡು ಹೋಗಿ ಕೆಲಗೇರಿಯಿಂದ ಹೊರಡುವುದರಲ್ಲಿ ಯಾವ ಕೊರತೆಯೂ ಇಲ್ಲ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೋಗುವಾಗ ಎದುರಾಗಿ ಕಾಡುತ್ತದೆ, ದಣಿದು ಮರಳುವಾಗ ಬೆನ್ನಿಗೆ ಬರುತ್ತದೆ.

ಪೂರ್ವವನ್ನು ಪೂರ್ತಿ ಬಿಡಿ ಎನ್ನುತ್ತಿಲ್ಲ, ಅದು ನನಗೆ ಈಗಲೂ ಪ್ರಿಯವಾದ ಸೀಮೆ. ಫೆಬ್ರುವರಿಯಿಂದ ಅಡ್ಡಮಳೆಗಳು ಶುರುವಾಗುವವರೆಗೆ ಎರೆ ಹಾದಿಗಳು ಕಲ್ಲಿನಷ್ಟು ಗಟ್ಟಿಯಾಗಿರುತ್ತವೆ, ಹೆಬಸೂರು, ಕಿರೇಸೂರಿನ ಕಡೆ ಬೆಳಗಿನ ಜಾವ ದಿಗಂತದವರೆಗೂ ಒಂದು ವಾಹನ ಕಾಣುವುದಿಲ್ಲ. ಹಾದಿಯ ಬಿರುಕಿನಲ್ಲಿ ಬೆರಳು ಇಳಿಯುವಷ್ಟು ಜಾಗವಿದ್ದರೆ ಮಾತ್ರ ನೆಲ ಆಳದವರೆಗೆ ಒಣಗಿದೆ ಎಂದು ನಂಬಿ. ಆ ದಿನಗಳಲ್ಲಿ ಗೊಬ್ಬರಕ್ಕಾಗಿ ಹೊಲಗಳಲ್ಲಿ ಕುರಿ ನಿಲ್ಲಿಸಿರುತ್ತಾರೆ, ಕುರಿಗಾರರ ನಾಯಿಗಳು ಸೈಕಲ್ಲನ್ನು ಕಂಡರೆ ಬಿಡುವುದಿಲ್ಲ. ದೂರದಿಂದಲೇ ಇಳಿದು, ಕುರಿಗಾರರನ್ನು ಕೂಗಿ ಮಾತನಾಡಿಸಿ, ನಡೆದುಕೊಂಡು ದಾಟಿ. ರಸ್ತೆಯ ಮೇಲೆ ಹರವಿದ ಕಾಳಿನ ಮೇಲೆ ಚಕ್ರ ಹಾಯಿಸಬೇಡಿ. ಬೆಣ್ಣಿಹಳ್ಳ, ತುಪ್ಪರಿಹಳ್ಳಗಳನ್ನಂತೂ ಮಳೆಗಾಲದಲ್ಲಿ ಯಾವ ಕಾರಣಕ್ಕೂ ದಾಟಬೇಡಿ, ಮೇಲೆಲ್ಲೋ ಸುರಿದ ಮಳೆಗೆ ನೀವು ನಿಂತಲ್ಲಿ ಬಿಸಿಲಿರುವಾಗಲೇ ಅವು ಏರುತ್ತವೆ.

ಇಷ್ಟಾದ ಮೇಲೂ ಸೈಕಲ್ ಯಾವುದೆಂದು ಕೇಳಿದರೆ, ಗ್ರ್ಯಾವೆಲ್ ಬೈಕೇ ಸಾಕು ಎನ್ನುತ್ತೇನೆ, ಮುಗದದ ಕಡೆಯ ಹಾದಿಗಳಿಗೆ ಎಂಟಿಬಿಯ ಸಸ್ಪೆನ್ಷನ್ ಬೇಕಾಗುವುದಿಲ್ಲ. ಅಂಗಡಿಯಲ್ಲಿ ಗೇರುಗಳ ಸಂಖ್ಯೆ ಕೇಳುವ ಮೊದಲು ಚೌಕಟ್ಟಿನಲ್ಲಿ ಎಷ್ಟು ಅಗಲದ ಟೈರು ಹಿಡಿಸುತ್ತದೆ ಎಂದು ಕೇಳಿ. 45 ಮಿಲಿಮೀಟರ್ ಹಿಡಿಸುವ ಚೌಕಟ್ಟಿಗೆ 40ರ ಟೈರು ಹಾಕಿಸಿ, ಉಳಿದ ಸಂದಿ ಮಣ್ಣಿಗಿರಲಿ. ಜಾಲಿ ಮುಳ್ಳಿಗೆ ಸಾಮಾನ್ಯ ಟ್ಯೂಬು ತಡೆಯುವುದಿಲ್ಲ, ಟ್ಯೂಬ್‌ಲೆಸ್ ಮಾಡಿಸಿ, ತೂತನ್ನು ತಾನೇ ಮುಚ್ಚುವ ಸೀಲಂಟ್ ದ್ರವ ತುಂಬಿಸಿ. ಆ ಮಾದರಿಗೆ ಸರಿಹೊಂದುವ ಹ್ಯಾಂಗರ್ ಎರಡನ್ನು ಸೈಕಲ್ ಕೊಳ್ಳುವ ದಿನವೇ ತರಿಸಿಕೊಡಲು ಹೇಳಿ; ಅಂಗಡಿಯವರು ಆಮೇಲೆ ನೋಡೋಣ ಎಂದರೆ, ಅವು ಬರುವವರೆಗೆ ಪೂರ್ತಿ ಹಣ ಕೊಡಬೇಡಿ.