ಕಡಲಿಗೆ ಬಂಡೆ ಇಳಿಸುವ ಮುಂಚೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ನಾಡದೋಣಿ ಮೀನುಗಾರರು. ಕಡಲಿಗೆ ಸಿಮೆಂಟಿನ ಕೃತಕ ಬಂಡೆ ಇಳಿಸಿದರೆ ಮೀನು ಜಾಸ್ತಿ ಆಗುತ್ತದೆ ಎನ್ನುತ್ತಾರೆ. ಸರ್ಕಾರಕ್ಕೆ ಕಾಯುವುದೇಕೆ, ಹಳೇ ಟಯರು, ಒಡೆದ ದೋಣಿ ನಾವೇ ಮುಳುಗಿಸೋಣ ಅನ್ನುತ್ತಿದ್ದಾರೆ ನಮ್ಮ ಹುಡುಗರು. ಇದರಿಂದ ನಿಜವಾಗಿ ಉಪಯೋಗ ಇದೆಯಾ?
— ಓದುಗರೊಬ್ಬರು, ಗಂಗೊಳ್ಳಿ

ಉತ್ತರ: ಮೊದಲು ಟಯರಿನ ಮಾತು ಮುಗಿಸಿಬಿಡುತ್ತೇನೆ. ಬೇಡ. ಅಮೆರಿಕದ ಫ್ಲಾರಿಡಾದಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಟಯರುಗಳನ್ನು ಕಟ್ಟು ಕಟ್ಟಿ ಕಡಲಿಗೆ ಹಾಕಿದ್ದರು. ಆಸ್ಬೋರ್ನ್ ರೀಫ್ ಅಂತ ಅದರ ಹೆಸರು. ಬಿಗಿದಿದ್ದ ಪಟ್ಟಿಗಳು ಕಿತ್ತುಹೋದವು. ಟಯರುಗಳು ಉರುಳಾಡಿ ಪಕ್ಕದಲ್ಲಿದ್ದ ನಿಜವಾದ ಹವಳಕ್ಕೇ ಬಡಿದವು. 2007ರಲ್ಲಿ ಸೇನೆಯ ಮುಳುಗುಗಾರರು ನೀರಿಗಿಳಿದು ಅವನ್ನು ಮೇಲೆತ್ತಲು ಶುರು ಮಾಡಬೇಕಾಯಿತು. ನಮ್ಮ ಆಷಾಢದ ಕಡಲಲ್ಲಿ ಟಯರು ಹಾಕಿದ ಜಾಗದಲ್ಲೇ ನಿಲ್ಲುತ್ತದೆ ಅಂತ ನಿಮಗೆ ಅನಿಸುತ್ತದಾ? ಒಡೆದ ದೋಣಿಯೂ ಬೇಡ. ಅದರ ಫೈಬರು, ಎಣ್ಣೆ ಎಲ್ಲ ಮತ್ತೆ ನಿಮ್ಮ ಬಲೆಗೇ ಬರುತ್ತದೆ.

ಈಗ ಬಂಡೆಯ ವಿಷಯ. ಬರೀ ಮರಳು ಇರುವ ಅಡಿಯಲ್ಲಿ ಗಟ್ಟಿ ವಸ್ತು ಒಂದು ನಿಂತರೆ ಕೆಲವೇ ವಾರಗಳಲ್ಲಿ ಅದರ ಮೇಲೆ ಪಾಚಿಯ ಪದರ ಬರುತ್ತದೆ. ಆಮೇಲೆ ದೋಣಿಯ ತಳಕ್ಕೆ ಅಂಟುವಂಥ ಚೂಪು ಚಿಪ್ಪುಗಳು, ಪಚ್ಚಿಲೆ ಎಂಬ ಹಸಿರು ಚಿಪ್ಪಿನ ಜೀವಿ. ಸಂದಿಯಲ್ಲಿ ಏಡಿ, ಮರಿಮೀನು ಸೇರಿಕೊಳ್ಳುತ್ತವೆ. ಅವನ್ನು ತಿನ್ನಲು ಮುರು ಮೀನು, ಕೆಂಬೇರಿ ಬರುತ್ತವೆ. ಇಷ್ಟೆಲ್ಲ ಸರಿಯಾಗಿ ಕೂರಲು ಒಂದೆರಡು ವರ್ಷವಾದರೂ ಬಿಡಬೇಕು. ಆದರೆ ಬೂತಾಯಿ, ಬಂಗುಡೆ ಬಂಡೆಯ ಮೀನುಗಳಲ್ಲ. ಅವು ಹಿಂಡು ಕಟ್ಟಿಕೊಂಡು ತೆರೆದ ನೀರಿನಲ್ಲಿ ತಿರುಗುವಂಥವು. ಬಂಡೆ ಇಳಿಸಿದ ಮಾತ್ರಕ್ಕೆ ಅವು ಹೆಚ್ಚುವುದಿಲ್ಲ. ನಿಮ್ಮಲ್ಲಿ ಬಹಳ ಜನರ ಮನೆ ನಡೆಯುವುದೇ ಆ ಎರಡು ಮೀನಿನಿಂದ, ಹಾಗಾಗಿ ಇದು ಮೊದಲೇ ಗೊತ್ತಿರಲಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಬಂಡೆ ಮೀನನ್ನು ಬೆಳೆಸುತ್ತದೆ, ಜೊತೆಗೆ ಬೇರೆ ಕಡೆಯ ಮೀನನ್ನು ಒಂದು ಜಾಗಕ್ಕೆ ಕರೆಯುತ್ತದೆ ಕೂಡ. ಬೊಂಡಾಸ್ (ಸ್ಕ್ವಿಡ್, ಕಟಲ್‌ಫಿಶ್) ಹಿಡಿಯಲು ತೆಂಗಿನ ಗರಿ, ಹಿಂಗಾರದ ಕಟ್ಟು ಮುಳುಗಿಸುವುದನ್ನು ನೀವು ನೋಡಿದ್ದೀರಿ. ಕಪ್ಪೆ ಬೊಂಡಾಸ್ ಮೊಟ್ಟೆ ಇಡಲು ಅಲ್ಲಿಗೆ ಬರುತ್ತದೆ, ಮೊಟ್ಟೆ ಇಡುವ ಹೊತ್ತಿಗೇ ಗಾಳಕ್ಕೆ ಸಿಗುತ್ತದೆ. ಆ ವರ್ಷ ದುಡ್ಡು ಬರುತ್ತದೆ, ಮುಂದಿನ ವರ್ಷದ ತಾಯಿಮೀನು ಹೋಗುತ್ತದೆ. ನಿಯಮ ಇಲ್ಲದ ಬಂಡೆಯೂ ಇದೇ ಕೆಲಸ ಮಾಡುತ್ತದೆ. ಅದಕ್ಕೇ ನನ್ನನ್ನು ಕೇಳಿದರೆ, ಸಿಮೆಂಟು ತರುವ ಮುಂಚೆ ಊರಿನವರು ಒಟ್ಟಿಗೆ ಕೂತು ಮಾತಾಡಬೇಕು.

ಇದನ್ನು ಚೆನ್ನಾಗಿ ಕಲಿಯಬಹುದಾದ ಜಾಗ ತಿರುವನಂತಪುರದ ಕರಾವಳಿ. ಅಲ್ಲಿನ ಗಾಳದ ಮೀನುಗಾರರಿಗೆ ಕಡಲಡಿಯ ಬಂಡೆಗಳು ಒಂದೊಂದೂ ಹೆಸರಿನ ಸಮೇತ ಗೊತ್ತಿದ್ದವು. ದಡದ ಗುಡ್ಡ, ಇಗರ್ಜಿಯ ಗೋಪುರ, ಎತ್ತರದ ಮರ ಒಂದೇ ಗೆರೆಗೆ ಬಂದಾಗ ಕೆಳಗೆ ಬಂಡೆ ಇದೆ ಅಂತ ಲೆಕ್ಕ. ಟ್ರಾಲ್ ಬೋಟುಗಳು ಬಂದು ಅಡಿಯನ್ನು ಗೀರಿ ಮೀನು ಕಮ್ಮಿಯಾದಾಗ ಅವರು ತಾವೇ ದುಡ್ಡು ಸೇರಿಸಿ ಕಲ್ಲು, ತೆಂಗಿನ ಕಾಂಡ, ಬಾವಿಗೆ ಹಾಕುವ ಕಾಂಕ್ರೀಟ್ ರಿಂಗು ಒಯ್ದು ಮುಳುಗಿಸಿದರು. ಅರ್ಥಶಾಸ್ತ್ರಜ್ಞ ಜಾನ್ ಕುರಿಯನ್ ಇದನ್ನು 1990ರ ದಶಕದಲ್ಲೇ ಬರೆದಿದ್ದಾರೆ. ನನಗೆ ಇದರಲ್ಲಿ ಬಹಳ ಗೌರವ ಮೂಡಿಸುವ ಸಂಗತಿ ಎಂದರೆ ಜಾಗ ಆರಿಸಿದವರೂ ಅವರೇ, ಹೊತ್ತವರೂ ಅವರೇ. ಟ್ರಾಲ್ ಬಲೆ ಬಂಡೆಗೆ ಸಿಕ್ಕಿ ಹರಿಯುವುದರಿಂದ ಆ ಜಾಗಕ್ಕೆ ಒಂದು ಕಾವಲೂ ಆಯಿತು. ಆಮೇಲೆ ಅದೇ ಜಿಲ್ಲೆಯಲ್ಲಿ ಸರ್ಕಾರ 42 ಮೀನುಗಾರ ಊರುಗಳ ಮುಂದೆ 6,300 ಸಿಮೆಂಟ್ ಬಂಡೆ ಇಳಿಸುವ ಯೋಜನೆ ಹಿಡಿಯಿತು. 2024ರಲ್ಲಿ ವಿಳಿಞ್ಞಂನಲ್ಲಿ ಶುರುವಾಯಿತು. ದೇಶದ ಮಟ್ಟದಲ್ಲೂ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಡಿ 2023ರ ಹೊತ್ತಿಗೆ 10 ರಾಜ್ಯಗಳಿಗೆ ಇಂಥ 732 ಘಟಕ ಮಂಜೂರಾಗಿದ್ದವು, ಒಟ್ಟು 126 ಕೋಟಿ ರೂಪಾಯಿ.

ನಾನು ಮಲ್ಪೆಯವಳು. ರಂಪಣಿಯ ಕಾಲದಲ್ಲಿ ಊರಿಗೆ ಊರೇ ದಡದಲ್ಲಿ ನಿಂತು ಒಂದೇ ಬಲೆ ಎಳೆದು ಪಾಲು ಹಂಚಿಕೊಳ್ಳುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ (ಯಂತ್ರದ ಬೋಟಿನಿಂದ ಬೀಸುವ ದೊಡ್ಡ ಸುತ್ತುಬಲೆ) ಬಂದು ಅದು ನಿಂತುಹೋಯಿತು. ಒಟ್ಟಿಗೆ ತೀರ್ಮಾನ ಮಾಡುವುದು ನಮ್ಮ ಕರಾವಳಿಗೆ ಹೊಸದೇನಲ್ಲ, ಅಲ್ವಾ?

ನಿಮ್ಮ ಊರಿಗೆ ಬರೋಣ. ಪಂಚಗಂಗಾವಳಿಯ ಅಳಿವೆ ಮಳೆಗಾಲದಲ್ಲಿ ಎಷ್ಟು ಕೆಸರು ತರುತ್ತದೆ ಅಂತ ನಿಮಗೇ ಗೊತ್ತು. ಮೆತ್ತಗಿನ ಕೆಸರಲ್ಲಿ ಸಿಮೆಂಟ್ ಬಂಡೆ ಹೂತುಹೋಗುತ್ತದೆ. ಅಳಿವೆಯಿಂದ ದೂರ, ಬೋಟು ಓಡಾಡುವ ದಾರಿ ಬಿಟ್ಟು, ಗಟ್ಟಿ ಮರಳಿನ ಜಾಗ ಬೇಕು. ಸೀಸದ ಗುಂಡಿನ ಅಡಿಗೆ ಸೋಪು ಮೆತ್ತಿ ಹಗ್ಗದಲ್ಲಿ ಇಳಿಸಿ. ಮರಳೋ ಕೆಸರೋ ಅಂಟಿಕೊಂಡು ಬರುತ್ತದೆ. ಹಿರಿಯರನ್ನು ಕೂರಿಸಿಕೊಂಡು ಹಿಂದೆ ಎಲ್ಲೆಲ್ಲಿ ಕಲ್ಲು ಇತ್ತು, ಯಾವ ಮೀನು ಸಿಗುತ್ತಿತ್ತು ಅಂತ ಬರೆಸಿಕೊಳ್ಳಿ. ಆ ಪಟ್ಟಿ ಹಿಡಿದು ಮೀನುಗಾರಿಕೆ ಇಲಾಖೆಗೆ ಹೋಗಿ, ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯಾದ ಸಿಎಂಎಫ್‌ಆರ್‌ಐನ ಮಂಗಳೂರು ಕೇಂದ್ರದವರಿಗೂ ತೋರಿಸಿ. ಅನುಮತಿ ಇಲ್ಲದೆ ಏನನ್ನೂ ಮುಳುಗಿಸಬೇಡಿ.

ಊರಿನ ಒಪ್ಪಂದದಲ್ಲಿ ನನ್ನ ಪ್ರಕಾರ ಎರಡು ಮಾತು ಇರಲೇಬೇಕು. ಬಂಡೆಯ ಮೇಲೆ ಗಾಳ ಮಾತ್ರ, ಬಲೆ ಹಾಕಬಾರದು. ಬಲೆ ಸಿಕ್ಕಿಕೊಂಡರೆ ಅಲ್ಲೇ ಉಳಿದು ವರ್ಷಗಟ್ಟಲೆ ಮೀನು ಸಾಯಿಸುತ್ತದೆ. ಮತ್ತೆ, ಮೊದಲ ಒಂದೆರಡು ವರ್ಷ ಅಲ್ಲಿ ಯಾರೂ ಹಿಡಿಯುವುದು ಬೇಡ. ಜಾಗದ ಜಿಪಿಎಸ್ ಗುರುತನ್ನು ಟ್ರಾಲ್ ಬೋಟಿನ ಸಂಘಕ್ಕೆ ನೀವೇ ಹೋಗಿ ಕೊಡಿ. ಗುಟ್ಟು ಮಾಡಿದರೆ ಅವರ ಬಲೆ ಹರಿದು ಜಗಳ ಶುರುವಾಗುತ್ತದೆ. ಒಪ್ಪಂದದ ಆ ಎರಡು ಮಾತಿಗೆ ಊರು ಒಪ್ಪದಿದ್ದರೆ ಈ ವರ್ಷಕ್ಕೆ ಬಂಡೆಯ ವಿಚಾರ ಬಿಡಿ ಅನ್ನುತ್ತೇನೆ.

ಪ್ರಶ್ನೆ: ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡಿದ್ದೇನೆ. ಬಾಲಿಯಲ್ಲಿ ಹವಳ ನೆಡುತ್ತಾರಂತೆ. ನಾವು ಗೆಳೆಯರೂ ಬಂದು ನೆಡಬಹುದಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮಷ್ಟಕ್ಕೆ ನೀವು ನೆಡುವಂತಿಲ್ಲ. ವನ್ಯಜೀವಿ ಕಾಯ್ದೆಯಲ್ಲಿ ಹುಲಿಗಿರುವ ರಕ್ಷಣೆಯೇ 2001ರಿಂದ ಹವಳಕ್ಕೂ ಇದೆ. ಒಂದು ಕೊಂಬೆ ಮುರಿದರೂ ಅಪರಾಧ. ನೀವು ಕೇಳಿರುವುದು ಬಹುಶಃ ಬಾಲಿಯ ಪೆಮುತೆರಾನ್ ಊರಿನ ಕಥೆ. ಅಲ್ಲಿ 2000ದಿಂದ ಕಬ್ಬಿಣದ ಚೌಕಟ್ಟಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ, ನೀರಿನ ಸುಣ್ಣ ಅದರ ಮೇಲೆ ಕೂರುತ್ತದೆ, ಮುರಿದು ಬಿದ್ದ ಹವಳವನ್ನು ಅದಕ್ಕೆ ಕಟ್ಟುತ್ತಾರೆ. ಆದರೆ ಅದಕ್ಕೆ ಮುಂಚೆ ಅಲ್ಲಿ ಸಿಡಿಮದ್ದು, ಸಯನೈಡ್ ಹಾಕಿ ಮೀನು ಹಿಡಿಯುತ್ತಿದ್ದರು. ಊರಿನವರೇ ಕಾವಲು ನಿಂತು ಅದನ್ನು ತಡೆದದ್ದರಿಂದಲೇ ಹವಳ ಉಳಿಯಿತು.

ನೇತ್ರಾಣಿಯಲ್ಲಿ ನೀವು ಮಾಡಬಹುದಾದದ್ದು ಬೇರೆ ಇದೆ. ಬೋಟಿನವರು ಹವಳದ ಮೇಲೆ ಲಂಗರು ಹಾಕುತ್ತಿದ್ದರೆ ಬೇಡ ಅನ್ನಿ. ಬಿಳುಚಿದ ಹವಳ ಕಂಡರೆ ತಾರೀಕು, ಆಳದ ಸಮೇತ ಫೋಟೊ ತೆಗೆದು ಸಿಎಂಎಫ್‌ಆರ್‌ಐನ ಮಂಗಳೂರು ಕೇಂದ್ರಕ್ಕೆ ಕಳಿಸಿ. ಬಲೆ ಸಿಕ್ಕಿಕೊಂಡಿದ್ದರೆ ಎಳೆಯಲು ಹೋಗಬೇಡಿ, ಬಲೆಯ ಜೊತೆ ಹವಳವೂ ಕಿತ್ತು ಬರುತ್ತದೆ. ಜಾಗ ಗುರುತು ಮಾಡಿಕೊಂಡು, ಬಲೆ ಕತ್ತರಿಸಿ ತೆಗೆಯಲು ತರಬೇತಿ ಇರುವವರಿಗೆ ತಿಳಿಸಿ.